ಮಣಿಕಟ್ಟಿನ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ದಾವಣಗೆರೆ ಮತ್ತು ಚಿತ್ರದುರ್ಗದ ನಾವು 18 ಜನ ಕೈಗಡಿಯಾರದ ಆಸಕ್ತಿಯಿಂದಲೇ ಗೆಳೆಯರಾದವರು. ಭಾನುವಾರಗಳಂದು ಬೆಳಿಗ್ಗೆ ಬೆಣ್ಣೆದೋಸೆಗೆಂದು ಸೇರುತ್ತೇವೆ. ಯಾರು ಯಾವ ದಿನ ಯಾವ ಕಂಪನಿಯ ವಾಚು ಕಟ್ಟಿದ್ದರು ಎಂಬುದನ್ನು ಒಂದು ವರ್ಷದಿಂದ ಪುಸ್ತಕದಲ್ಲಿ ಬರೆದಿಡುತ್ತಿದ್ದೇವೆ. ಕೆಲವರು ದಿನವೂ ತಿಳಿಸುತ್ತಾರೆ, ಉಳಿದವರದು ಭಾನುವಾರಕ್ಕೆ ಮಾತ್ರ. ತಿಂಗಳ ಕೊನೆಗೆ ಎಣಿಸಿದರೆ ಸೀಕೊ ಮುಂದಿರುತ್ತದೆ, ಆದರೆ ಸೇರಿದಾಗ ನೋಡಿದರೆ ಅರ್ಧದಷ್ಟು ಕೈಗಳಲ್ಲಿ ಎಚ್‌ಎಂಟಿ ಇರುತ್ತದೆ. ನಮ್ಮ ಲೆಕ್ಕದಲ್ಲಿ ತಪ್ಪೆಲ್ಲಿದೆ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಕೂಡುವಿಕೆಯಲ್ಲಿ ತಪ್ಪಿಲ್ಲ, ತಪ್ಪಿರುವುದು ಏನನ್ನು ಎಣಿಸುತ್ತಿದ್ದೀರಿ ಎಂಬುದರಲ್ಲಿ. ನೀವು ಜನರನ್ನು ಎಣಿಸುತ್ತಿದ್ದೇವೆ ಎಂದುಕೊಂಡು ಪುಸ್ತಕದ ಸಾಲುಗಳನ್ನು ಎಣಿಸಿದ್ದೀರಿ. ದಿನವೂ ತಿಳಿಸುವವನು ತಿಂಗಳಿಗೆ 30 ಸಾಲು ಬರೆಸಿದರೆ ಭಾನುವಾರಕ್ಕೆ ಮಾತ್ರ ಬರುವವನು ನಾಲ್ಕು ಸಾಲು ಬರೆಸುತ್ತಾನೆ, ಹೀಗಾಗಿ ಮೊದಲನೆಯವನ ಒಂದು ವಾಚಿಗೆ ಎರಡನೆಯವನ ವಾಚಿಗಿಂತ ಏಳೂವರೆ ಪಟ್ಟು ತೂಕ ಬಂದುಬಿಡುತ್ತದೆ.

ಇದನ್ನು ಒಂದು ಊಹೆಯ ಲೆಕ್ಕದಿಂದ ನೋಡೋಣ. ನಿಮ್ಮ 18 ಜನರಲ್ಲಿ ಮೂವರು 30 ದಿನವೂ ತಿಳಿಸುತ್ತಾರೆ, ಉಳಿದ 15 ಜನ ನಾಲ್ಕು ಭಾನುವಾರ ಮಾತ್ರ ತಿಳಿಸುತ್ತಾರೆ ಎಂದುಕೊಳ್ಳಿ. ಆಗ ಮೊದಲನೆಯವರಿಂದ 90, ಎರಡನೆಯವರಿಂದ 60, ಒಟ್ಟು 150 ಸಾಲುಗಳಾಗುತ್ತವೆ. ದಿನವೂ ತಿಳಿಸುವ ಮೂವರಲ್ಲಿ ಇಬ್ಬರು ಸದಾ ಸೀಕೊ ಕಟ್ಟುವವರಾಗಿದ್ದು, ಭಾನುವಾರದವರಲ್ಲಿ ಮೂರು ಬಾರಿ ಮಾತ್ರ ಸೀಕೊ ಕಂಡಿದ್ದರೆ, ಸೀಕೊ ಹೆಸರಿನಲ್ಲಿ 63 ಸಾಲುಗಳು, ಅಂದರೆ ಶೇಕಡಾ 42 ಸೇರುತ್ತವೆ. ಭಾನುವಾರದವರಲ್ಲಿ ಒಂಬತ್ತು ಜನ ಪ್ರತಿ ಬಾರಿಯೂ ಎಚ್‌ಎಂಟಿ ಕಟ್ಟಿ ಬಂದರೂ ಅವರದು 36 ಸಾಲು, ಶೇಕಡಾ 24 ಮಾತ್ರ. ಈಗ ಪ್ರತಿಯೊಬ್ಬರಿಗೂ ಒಂದೇ ಅಂಕವಿರಲಿ, ಆ ಅಂಕವನ್ನು ಅವರವರು ತಿಳಿಸಿದ ದಿನಗಳಿಗೆ ಸಮವಾಗಿ ಹಂಚಿ ಎಣಿಸಿರಿ. ಎಚ್‌ಎಂಟಿಗೆ 18ರಲ್ಲಿ 9 ಅಂಕ, ಅಂದರೆ ಸರಿಯಾಗಿ ಅರ್ಧ ಬರುತ್ತದೆ, ಸೀಕೊಗೆ 2.75 ಅಂಕ, ಅಂದರೆ ಶೇಕಡಾ 15ರ ಆಸುಪಾಸು. ಅದೇ ಪುಸ್ತಕ, ಅದೇ ಸಾಲುಗಳು. ನಿಮ್ಮ ಕಣ್ಣಿಗೆ ಬಿದ್ದದ್ದೇ ಈಗ ಅಂಕಿಯಲ್ಲಿಯೂ ಸಿಗುತ್ತದೆ.

ಆದರೆ ಇದರಿಂದ ಎಲ್ಲವೂ ಸರಿಹೋಗುವುದಿಲ್ಲ. ಭಾನುವಾರ ಗೆಳೆಯರಿಗೆ ತೋರಿಸಲೆಂದು ಕಟ್ಟುವ ವಾಚು ಬೇರೆ, ಸೋಮವಾರ ಕೆಲಸಕ್ಕೆ ಕಟ್ಟಿ ಹೋಗುವುದು ಬೇರೆ. ಆಟೊಮ್ಯಾಟಿಕ್ ವಾಚು, ಅಂದರೆ ಕೈಯ ಅಲುಗಾಟದಿಂದಲೇ ಕೀ ಆಗುವ ವಾಚು, ಎರಡು ದಿನ ಪೆಟ್ಟಿಗೆಯಲ್ಲಿಟ್ಟರೆ ನಿಂತುಹೋಗಿರುತ್ತದೆ, ಏಕೆಂದರೆ ಸೀಕೊದಂತಹ ಸಾಮಾನ್ಯ ಆಟೊಮ್ಯಾಟಿಕ್ ಯಂತ್ರಗಳು ಪೂರ್ತಿ ಕೀ ಆಗಿದ್ದರೂ ಕೈಯಿಂದ ಬಿಚ್ಚಿದ ಮೇಲೆ ಸುಮಾರು 40 ಗಂಟೆ ಮಾತ್ರ ಓಡುತ್ತವೆ. ಬೆಳಗಿನ ಅವಸರದಲ್ಲಿ ಅದರ ವಾರ ಮತ್ತು ತಾರೀಖನ್ನು ಸರಿಪಡಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಸೆಲ್ ಹಾಕಿದ ಟೈಟಾನ್ ಅಥವಾ ಕ್ಯಾಸಿಯೊ ಸದಾ ಸಿದ್ಧವಾಗಿರುತ್ತದೆ. ತಾರೀಖೇ ಇಲ್ಲದ ಎಚ್‌ಎಂಟಿ ಜನತಾ ವಾಚಿಗೂ ಈ ತೊಡಕಿಲ್ಲ, ಕೀ ಕೊಟ್ಟು ಮುಳ್ಳು ತಿರುಗಿಸಿದರೆ ಸಾಕು. ಇನ್ನು ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಚರ್ಮದ ಬೆಲ್ಟು ಬೆವರಿಗೆ ನೆನೆದು ವಾಸನೆ ಹಿಡಿಯುವುದರಿಂದ ಅನೇಕರು ಚೈನಿನ ವಾಚಿಗೆ ಬದಲಾಗುತ್ತಾರೆ. ಆದ್ದರಿಂದ ಬೇಸಿಗೆಯ ಒಂದು ತಿಂಗಳ ಲೆಕ್ಕವನ್ನು ಹಿಡಿದು ನಮ್ಮ ಬಳಗದ ಅಭಿರುಚಿ ಬದಲಾಯಿತು ಎನ್ನಬಾರದು. ಏಪ್ರಿಲ್ ತಿಂಗಳನ್ನು ಹಿಂದಿನ ವರ್ಷದ ಏಪ್ರಿಲ್ ತಿಂಗಳಿನೊಂದಿಗೇ ಹೋಲಿಸಬೇಕು.

ನನ್ನ ಸಲಹೆ ಇಷ್ಟು. ತಿಂಗಳಿಗೆ ಎರಡು ದಿನ ಮಾತ್ರ ಎಣಿಸಿ, ಅದರಲ್ಲಿ ಒಂದು ಕೆಲಸದ ದಿನ, ಒಂದು ಭಾನುವಾರ ಇರಲಿ. ಆ ದಿನ ಯಾವುದೆಂದು ಮೊದಲೇ ಗೊತ್ತಾದರೆ ಎಲ್ಲರೂ ಒಳ್ಳೆಯದನ್ನೇ ಆರಿಸಿ ಕಟ್ಟುತ್ತಾರೆ, ಹಾಗಾಗಿ ನಿಮ್ಮಲ್ಲೊಬ್ಬರು ಚೀಟಿ ಎತ್ತಿ ದಿನವನ್ನು ಗುಟ್ಟಾಗಿಟ್ಟುಕೊಂಡು, ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲ 18 ಜನರನ್ನೂ ಕೇಳಲಿ. ಬರಿಗೈಯಲ್ಲಿದ್ದವರನ್ನೂ ಸ್ಮಾರ್ಟ್‌ವಾಚ್ ಕಟ್ಟಿದವರನ್ನೂ ಬಿಡದೆ ಬರೆದುಕೊಳ್ಳಬೇಕು. ಅವರನ್ನು ಬಿಟ್ಟರೆ ನಿಮ್ಮ ಪುಸ್ತಕದಲ್ಲಿ ಸಾಂಪ್ರದಾಯಿಕ ವಾಚುಗಳ ಬಳಕೆ ಎಂದಿಗೂ ಕಡಿಮೆಯಾಗುವುದೇ ಇಲ್ಲ. ಕೊನೆಯಲ್ಲಿ ಶೇಕಡಾ ಲೆಕ್ಕ ಹಾಕುವ ಬದಲು 18ರಲ್ಲಿ ಇಷ್ಟು ಎಂದು ಬರೆಯಿರಿ. ನಿಮ್ಮ ಬಳಗದಲ್ಲಿ ಒಬ್ಬರು ವಾಚು ಬದಲಿಸಿದರೆ ಶೇಕಡಾ ಐದೂವರೆ ಏರುಪೇರಾಗುತ್ತದೆ, ಓದಿದವರಿಗೆ ಅದು ದೊಡ್ಡ ಅಲೆಯಂತೆ ಕಾಣುತ್ತದೆ.

ಕಂಪನಿಯ ಹೆಸರು ಬರೆಯುವಾಗಲೂ ಒಂದು ನಿಯಮ ಬೇಕಾಗುತ್ತದೆ. ಫಾಸ್ಟ್‌ಟ್ರ್ಯಾಕ್ ಮತ್ತು ಸೊನಾಟಾ ಟೈಟಾನ್ ಕಂಪನಿಯವೇ ಆಗಿವೆ; ಒಮೆಗಾ, ಲಾಂಜಿನ್, ಟಿಸ್ಸೊ, ರಾಡೊ ನಾಲ್ಕೂ ಸ್ವಾಚ್ ಸಮೂಹಕ್ಕೆ ಸೇರಿವೆ. ಇವುಗಳನ್ನು ಒಂದು ತಿಂಗಳು ಕೂಡಿಸಿ, ಮತ್ತೊಂದು ತಿಂಗಳು ಬಿಡಿಸಿ ಬರೆದರೆ ಲೆಕ್ಕಕ್ಕೆ ಅರ್ಥ ಉಳಿಯುವುದಿಲ್ಲ. ಡಯಲಿನ ಮೇಲೆ ಇರುವ ಹೆಸರನ್ನೇ ಬರೆಯುವುದು ಸುಲಭ, ಮಾಲೀಕ ಕಂಪನಿಗೆ ಪಕ್ಕದಲ್ಲಿ ಇನ್ನೊಂದು ಕಾಲಂ ಇರಲಿ. ಸಾಧ್ಯವಾದರೆ ಮೂರನೆಯ ಕಾಲಂನಲ್ಲಿ ಒಳಗಿನ ಮಿಷನ್ ಯಾವುದೆಂದು ಗುರುತಿಸಿರಿ, ಏಕೆಂದರೆ ಹೊಸ ಸಣ್ಣ ಕಂಪನಿಗಳ ಬಹಳಷ್ಟು ಆಟೊಮ್ಯಾಟಿಕ್ ವಾಚುಗಳಲ್ಲಿ ಸೀಕೊ ತಯಾರಿಸಿದ ಎನ್‌ಎಚ್35 ಅಥವಾ ಸಿಟಿಜನ್ ಸಮೂಹದ ಮಿಯೋಟಾ ಯಂತ್ರವೇ ಓಡುತ್ತಿರುತ್ತದೆ.

ನಾಲ್ಕನೆಯ ಕಾಲಂ ಒಂದನ್ನು ನಾನು ಒತ್ತಿ ಕೇಳುತ್ತೇನೆ: ಆ ವಾಚು ಕೈಗೆ ಬಂದ ಬಗೆ. ಅಳಿಯನಿಗೆ ಉಂಗುರದ ಜೊತೆ ವಾಚು ಕೊಡುತ್ತಿದ್ದ ಕಾಲದಲ್ಲಿ ಬಂದದ್ದೋ, ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಪಾಳಿ ದುಡಿದ ತಂದೆ ತನ್ನ ಸಂಬಳದಲ್ಲಿ ಕೊಂಡದ್ದೋ, ನೀವೇ ಕಳೆದ ವರ್ಷ ತರಿಸಿದ್ದೋ ಎಂದು ಒಂದು ಸಾಲು ಬರೆದಿಡಿ. ಒಂಬತ್ತು ಜನ ಎಚ್‌ಎಂಟಿ ಕಟ್ಟುತ್ತಾರೆ ಎಂಬ ಅಂಕಿಯ ಹಿಂದೆ ಒಂಬತ್ತು ಜನ ಅಂಗಡಿಯಲ್ಲಿ ಅದನ್ನು ಆರಿಸಿ ಕೊಂಡರು ಎಂಬುದೂ ಇರಬಹುದು, ಒಂಬತ್ತು ಜನ ತಂದೆಯ ವಾಚನ್ನು ಉಳಿಸಿಕೊಂಡರು ಎಂಬುದೂ ಇರಬಹುದು. ಇವೆರಡೂ ಬೇರೆ ಬೇರೆ ಸಂಗತಿಗಳು, ಮತ್ತು ಈಗ ಎಪ್ಪತ್ತು ದಾಟಿದ ಹಿರಿಯರನ್ನು ಕೇಳದಿದ್ದರೆ ಮುಂದೆ ಯಾರಿಂದಲೂ ತಿಳಿದುಕೊಳ್ಳಲಾಗುವುದಿಲ್ಲ.

ಪ್ರಶ್ನೆ: ನಾನು ಇತ್ತೀಚೆಗೆ ಕೊಂಡ ಎಚ್‌ಎಂಟಿ ಜನತಾ ವಾಚಿನ ಡಯಲ್ ಕಡುಕಿತ್ತಳೆ ಬಣ್ಣದ್ದು. ಇದು ಎಚ್‌ಎಂಟಿಯೇ ಅಲ್ಲ, ಪಟ್ಟಿಯಲ್ಲಿ ಸೇರಿಸಬೇಡಿ ಎಂದು ಗೆಳೆಯರು ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ನಿಮ್ಮ ಗೆಳೆಯರ ಅನುಮಾನಕ್ಕೆ ಆಧಾರವಿದೆ, ಆದರೆ ಅವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರಗಳ ತಯಾರಿಕೆ ಆರಂಭವಾಯಿತು. ನಿಮ್ಮೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿಯೇ ಸಿಗುವ ತುಮಕೂರಿನಲ್ಲಿಯೂ ಮುಂದೆ ಅದರ ಕಾರ್ಖಾನೆ ಬಂದಿತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಹಳೆಯ ವಾಚುಗಳಿಗೆ ಬೇಡಿಕೆ ಇದ್ದೇ ಇರುವುದರಿಂದ, ಕೆಟ್ಟುಹೋದ ಡಯಲುಗಳಿಗೆ ಹೊಸ ಬಣ್ಣ ಬಳಿದು, ಹಲವು ವಾಚುಗಳ ಬಿಡಿಭಾಗಗಳನ್ನು ಕೂಡಿಸಿ ಮಾರುವುದು ಒಂದು ವ್ಯಾಪಾರವೇ ಆಗಿದೆ. ಕಣ್ಣು ಕುಕ್ಕುವ ಬಣ್ಣ, ಸೊಟ್ಟಗಿರುವ ಅಥವಾ ಮಸಿ ಹರಡಿದಂತಿರುವ ಅಕ್ಷರಗಳು, ಉದ್ದಕ್ಕೆ ಹೊಂದದ ಮುಳ್ಳುಗಳು ಇದರ ಗುರುತುಗಳು.

ಹಾಗಿದ್ದರೂ ಒಳಗಿನ ಮಿಷನ್ ಸಾಮಾನ್ಯವಾಗಿ ಎಚ್‌ಎಂಟಿಯದೇ ಆಗಿರುತ್ತದೆ. ನಂಬಿಕೆಯ ರಿಪೇರಿಯವರಿಂದ ಹಿಂದಿನ ಮುಚ್ಚಳ ತೆಗೆಸಿ ನೋಡಿರಿ. ಜನತಾ ವಾಚಿನ 17 ಜ್ಯುವೆಲ್‌ಗಳ (ಸವೆತ ತಡೆಯಲು ಕೂರಿಸಿದ ಪುಟ್ಟ ಹರಳುಗಳ) ಯಂತ್ರ ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ ಐದು ಬಾರಿ ಮಿಡಿಯುತ್ತದೆ. ಕಿವಿಗಿಟ್ಟು ಕೇಳಿದರೆ ಆ ಸದ್ದಿನ ನಡಿಗೆ ಹೊಸ ಆಟೊಮ್ಯಾಟಿಕ್‌ಗಳಿಗಿಂತ ನಿಧಾನವಾಗಿರುವುದು ತಿಳಿಯುತ್ತದೆ. ಯಂತ್ರ ಎಚ್‌ಎಂಟಿಯದಾಗಿದ್ದರೆ ಪಟ್ಟಿಯಲ್ಲಿ ‘ಎಚ್‌ಎಂಟಿ, ಡಯಲ್ ಬದಲಾಗಿದೆ’ ಎಂದು ಬರೆಸಿ. ನೀವು ಕಟ್ಟಿದ್ದನ್ನು ಕಟ್ಟಿಲ್ಲ ಎಂದು ಬರೆದರೆ ಅದು ಸುಳ್ಳು ಲೆಕ್ಕವಾಗುತ್ತದೆ. ಮಾರುವ ದಿನ ಬಂದರೆ ಮಾತ್ರ ಕೊಳ್ಳುವವರಿಗೆ ಡಯಲ್ ಬದಲಾಗಿರುವುದನ್ನು ಹೇಳಿಯೇ ಮಾರಿರಿ.

ಪ್ರಶ್ನೆ: ಪಟ್ಟಿಯಲ್ಲಿ ಹೆಸರಿನ ಮುಂದೆ ವಾಚಿನ ಬೆಲೆಯನ್ನೂ ಬರೆಯಬಹುದೇ?
– ಓದುಗರೊಬ್ಬರು, ಹರಿಹರ

ಉತ್ತರ: ಬೇಡ. ಪುಸ್ತಕ ಹತ್ತು ಕೈ ದಾಟುತ್ತದೆ, ಯಾರ ಮನೆಯಲ್ಲಿ ಎಷ್ಟು ಬೆಲೆಯ ವಸ್ತುವಿದೆ ಎಂಬುದು ಎಲ್ಲರಿಗೂ ತಿಳಿಯಬೇಕಾಗಿಲ್ಲ. ಹೆಸರಿನ ಬದಲು ಒಂದೊಂದು ಸಂಖ್ಯೆ ಕೊಟ್ಟರೂ ಲೆಕ್ಕ ಕೆಡುವುದಿಲ್ಲ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ. ಇಂತಹ ಬಳಗದಲ್ಲಿ ಹೆಚ್ಚು ಜನ ಕಟ್ಟುವ ಕಂಪನಿಯ ವಾಚನ್ನೇ ಮೊದಲ ವಾಚಾಗಿ ಕೊಂಡರೆ ಒಳ್ಳೆಯದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆಸಕ್ತರ ಬಳಗದಲ್ಲಿ ಒಬ್ಬೊಬ್ಬರ ಬಳಿ ಹಲವು ವಾಚುಗಳಿರುತ್ತವೆ, ಒಂದು ನಿಂತರೆ ಇನ್ನೊಂದಿರುತ್ತದೆ. ನಿಮ್ಮ ಬಳಿ ಇರುವುದು ಒಂದೇ ಆದ್ದರಿಂದ ಅವರ ಆಯ್ಕೆ ನಿಮಗೆ ಹೊಂದುತ್ತದೆ ಎಂದು ಹೇಳಲಾಗದು. ಕೀ ಕೊಡುವ ಅಥವಾ ಆಟೊಮ್ಯಾಟಿಕ್ ವಾಚು ದಿನಕ್ಕೆ ಅರ್ಧ ನಿಮಿಷದಷ್ಟು ಹಿಂದೆ ಮುಂದೆ ಆಗುವುದು ಸಹಜ. ಸೆಲ್‌ನಿಂದ ಓಡುವ ಕ್ವಾರ್ಟ್ಜ್ ವಾಚಿನಲ್ಲಿ ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳು ಇರುವುದರಿಂದ ಅಷ್ಟು ವ್ಯತ್ಯಾಸವಾಗಲು ಸಾಮಾನ್ಯವಾಗಿ ಒಂದು ತಿಂಗಳಾದರೂ ಬೇಕು. ಪರೀಕ್ಷೆಗೂ ಬಸ್ಸಿಗೂ ಸಮಯ ನೋಡಬೇಕಾದ ನಿಮಗೆ ಕ್ವಾರ್ಟ್ಜ್ ವಾಚೇ ಸರಿ. ಕೊಳ್ಳುವ ಮೊದಲು ನಿಮ್ಮ ಬಡಾವಣೆಯ ವಾಚ್ ರಿಪೇರಿ ಅಂಗಡಿಗೆ ಹೋಗಿ, ಆ ಮಾದರಿಗೆ ಸೆಲ್ ಮತ್ತು ಬೆಲ್ಟು ಅಲ್ಲಿಯೇ ಸಿಗುತ್ತವೆಯೇ ಎಂದು ಕೇಳಿಕೊಳ್ಳಿರಿ.