ಓದುಗರ ಪ್ರಶ್ನೆ – ಉತ್ತರ: ಕುದುರೆಯನ್ನು ನಂಬಿ ಬದುಕಬಹುದೇ?

ಪ್ರಶ್ನೆ: ನಮ್ಮ ಅಜ್ಜ ಯಾದಗಿರಿಯಲ್ಲಿ ಟಾಂಗಾ ಹೊಡೆಯುತ್ತಿದ್ದರು. ತಂದೆಯವರು ಎರಡು ಕುದುರೆ ಸಾಕಿ ಮದುವೆ ಮೆರವಣಿಗೆಗೆ ಕೊಡುತ್ತಾರೆ. ನನಗೆ 22 ವರ್ಷ, ಬಿ.ಎ. ಮುಗಿದಿದೆ, ಆದರೆ ಕುದುರೆಗಳ ಕೆಲಸ ಬಿಟ್ಟು ಬೇರೆ ಯಾವುದರಲ್ಲಿಯೂ ಮನಸ್ಸು ನಿಲ್ಲುವುದಿಲ್ಲ. ಮದುವೆ ಸೀಸನ್ ಮುಗಿದರೆ ಮನೆಯಲ್ಲಿ ದುಡ್ಡಿಗೆ ತತ್ವಾರ. ಬೆಂಗಳೂರಿಗೆ ಹೋಗಿ ಜಾಕಿಯಾಗು ಎಂದು ಗೆಳೆಯರು ಹೇಳಿದರೆ, ಕುದುರೆ ಮಾರಿ ಆಟೋ ತೆಗೆದುಕೋ ಎಂದು ಮನೆಯವರು ಹೇಳುತ್ತಾರೆ. ಇಲ್ಲಿಯೇ ಇದ್ದು ಕುದುರೆಗಳ ಮೇಲೆ ಜೀವನ ಸಾಗಿಸುವುದು ಸಾಧ್ಯವೇ?
— ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಸಾಧ್ಯವಿದೆ. ಆದರೆ ಯಾವುದೋ ಒಂದೇ ಕೆಲಸವನ್ನು ನೆಚ್ಚಿಕೊಂಡು ಕುಳಿತರೆ ಸಾಧ್ಯವಾಗದು. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಲ್ಲಿ ರೇಸ್ ಕೋರ್ಸ್ ಇಲ್ಲ. ಇರುವುದೆಲ್ಲ ಊರೂರಿಗೆ ಚದುರಿದ ಕುದುರೆಗಳು: ನಿಮ್ಮಂಥ ಮನೆಗಳಲ್ಲಿ ಮೆರವಣಿಗೆಗೆಂದು ಸಾಕಿದವು, ಕುರಿಗಾರರ ಸಾಮಾನು ಹೊರುವ ತಟ್ಟುಗಳು, ಹೊಲಮನೆ ಇದ್ದವರು ಹವ್ಯಾಸಕ್ಕೆ ಕಟ್ಟಿಕೊಂಡವು. ಇಂಥ ಕಡೆ ಮೂರು ನಾಲ್ಕು ಕೆಲಸಗಳನ್ನು ಹೊಂದಿಸಿಕೊಂಡವನು ವರ್ಷ ದಾಟುತ್ತಾನೆ, ಮತ್ತು ಆ ಕೆಲಸಗಳ ಬುಡದಲ್ಲಿ ಎಲ್ಲ ಕುದುರೆಗೂ ಎಲ್ಲ ಕಾಲಕ್ಕೂ ಬೇಕಾಗುವ ಒಂದು ವಿದ್ಯೆ ಇರಬೇಕು. ನನ್ನ ಅಭಿಪ್ರಾಯದಲ್ಲಿ ಆ ವಿದ್ಯೆ ಸವಾರಿಗಿಂತ ಮೊದಲು ಗೊರಸಿನದು, ಅಂದರೆ ಲಾಳ ಹೊಡೆಯುವ ನಾಲಬಂದನ ಕೆಲಸ.

ಕಾರಣವನ್ನು ಬಿಡಿಸಿ ಹೇಳುತ್ತೇನೆ. ಗೊರಸು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಲಾಳ ಹಾಕಿದ ಗೊರಸು ನೆಲಕ್ಕೆ ತಾಗಿ ಸವೆಯುವುದಿಲ್ಲವಾದ್ದರಿಂದ ಸುಮಾರು 6 ವಾರಕ್ಕೊಮ್ಮೆ ಲಾಳ ಬಿಚ್ಚಿ, ಬೆಳೆದಷ್ಟನ್ನು ಕತ್ತರಿಸಿ, ಅರ ಹಾಕಿ ಸಮ ಮಾಡಿ, ಮತ್ತೆ ಲಾಳ ಹೊಡೆಯಬೇಕು. ಮದುವೆ ಇರಲಿ ಇಲ್ಲದಿರಲಿ, ಈ ಕೆಲಸ ತಪ್ಪುವುದಿಲ್ಲ. ನಮ್ಮ ಭಾಗದಲ್ಲಿ ನಾಲಬಂದ ಎಂಬ ಅಡ್ಡಹೆಸರಿನ ಮನೆತನಗಳು ಇನ್ನೂ ಇವೆ, ಆದರೆ ಆ ಮನೆಗಳ ಹುಡುಗರಲ್ಲಿ ಅನೇಕರು ಬೇರೆ ಉದ್ಯೋಗ ಹಿಡಿದಿದ್ದಾರೆ. ಕೈಯಲ್ಲಿ ಕಸುಬು ಉಳಿಸಿಕೊಂಡ ಹಿರಿಯರೊಬ್ಬರನ್ನು ನಿಮ್ಮ ತಾಲ್ಲೂಕಿನಲ್ಲಿಯೇ ಹುಡುಕಿ, ಅವರ ಕೈಕೆಳಗೆ ಒಂದು ವರ್ಷವಾದರೂ ದುಡಿಯಿರಿ.

ಆ ಹಿರಿಯರ ಕೈಯನ್ನು ಗಮನವಿಟ್ಟು ನೋಡಿ. ಕಾಲನ್ನೆತ್ತಿ ತೊಡೆಯ ನಡುವೆ ಹಿಡಿದ ಮೇಲೆ ಅವರು ಮೊದಲು ಗೊರಸನ್ನು ಮುಟ್ಟಿ ಬಿಸಿ ಇದೆಯೇ ಎಂದು ನೋಡುತ್ತಾರೆ, ಏಕೆಂದರೆ ಒಂದೇ ಗೊರಸು ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಒಳಗೆ ಬಾವು ಇರಬಹುದು. ಅಂಗಾಲನ್ನು ಕೆರೆದು ಚೊಕ್ಕ ಮಾಡಿದಾಗ ಗೊರಸಿನ ಗೋಡೆಗೂ ಅಂಗಾಲಿಗೂ ನಡುವೆ ಒಂದು ಬಿಳಿಗೆರೆ ಕಾಣಿಸುತ್ತದೆ. ಮೊಳೆ ಆ ಗೆರೆಯ ಹೊರಬದಿಯಲ್ಲಿಯೇ ಹೋಗಬೇಕು. ಒಳಗೆ ಸರಿದರೆ ಜೀವವಿರುವ ಭಾಗಕ್ಕೆ ಚುಚ್ಚುತ್ತದೆ, ಕುದುರೆ ಕುಂಟುತ್ತದೆ, ಕೀವಾಗುತ್ತದೆ, ಧನುರ್ವಾಯುವಿಗೂ ದಾರಿಯಾಗುತ್ತದೆ. ಅನುಭವಿಗಳಿಗೆ ಸುತ್ತಿಗೆಯ ಸದ್ದಿನಲ್ಲಿಯೇ ಮೊಳೆ ಗಟ್ಟಿ ಗೊರಸಿನಲ್ಲಿ ಸಾಗುತ್ತಿದೆಯೋ ಮೆತ್ತಗಿನ ಕಡೆಗೆ ತಿರುಗಿತೋ ಎಂಬುದು ತಿಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನ ಕೆಸರಿನಲ್ಲಿ ನಿಂತ ಕುದುರೆಗಳ ಅಂಗಾಲಿನ ನಡುವಿನ ಮೆತ್ತಗಿನ ತ್ರಿಕೋನ ಕೊಳೆತು ಕೆಟ್ಟ ನಾತ ಬರುತ್ತದೆ. ಅದನ್ನು ಮೂಗಿನಿಂದಲೇ ಗುರುತಿಸಿ, ಒಣ ಜಾಗಕ್ಕೆ ಕಟ್ಟಿಸಿ ಗುಣಪಡಿಸುವುದು ಕೂಡ ಈ ಕಸುಬಿನ ಭಾಗವೇ. ಇದನ್ನೆಲ್ಲ ಪುಸ್ತಕ ಓದಿ ಕಲಿಯಲಾಗದು.

ಇದರಲ್ಲಿ ಇನ್ನೊಂದು ಅನುಕೂಲವಿದೆ. ಗಾಡಿ ಎಳೆಯುವ ಎತ್ತುಗಳಿಗೂ ಲಾಳ ಬೇಕು. ಎತ್ತಿನ ಗೊರಸು ಎರಡು ಸೀಳಾಗಿರುವುದರಿಂದ ಪಾದಕ್ಕೆ ಎರಡು ತುಂಡು ಲಾಳ, ಮತ್ತು ಎತ್ತನ್ನು ಕೆಡವಿ ಕಾಲು ಕಟ್ಟಿ ಹೊಡೆಯುವ ರೀತಿಯೇ ಬೇರೆ. ಎತ್ತಿನ ಗಾಡಿಗಳಿಗೆ ಕೆಲಸ ಕೊಡುವ ಬೀದರ ಮತ್ತು ಕಲಬುರಗಿ ಜಿಲ್ಲೆಗಳ ಕಬ್ಬಿನ ಹಂಗಾಮು ದೀಪಾವಳಿಯ ಆಸುಪಾಸಿನಲ್ಲಿ ಶುರುವಾಗಿ ಬೇಸಿಗೆಯ ಬಾಗಿಲಿಗೆ ಮುಗಿಯುತ್ತದೆ, ಆ ಹೊತ್ತಿಗೆ ನಿಮ್ಮ ಮದುವೆ ಸೀಸನ್ ಏರುತ್ತದೆ. ಒಂದರ ಹಿಂದೆ ಒಂದು ಬರುವ ಈ ಎರಡು ಕಾಲಗಳನ್ನು ಜೋಡಿಸಿಕೊಂಡರೆ ವರ್ಷದ ಹೆಚ್ಚಿನ ಭಾಗ ತುಂಬುತ್ತದೆ. ಉಳಿಯುವುದು ಆಷಾಢದ ಸುತ್ತಿನ ಖಾಲಿ ತಿಂಗಳುಗಳು.

ಆ ಖಾಲಿ ತಿಂಗಳುಗಳಲ್ಲಿ ಹೈದರಾಬಾದಿಗೆ ಹೋಗಿ. ನಿಮ್ಮ ಗೆಳೆಯರು ಹೇಳುವ ಬೆಂಗಳೂರಿಗಿಂತ ಮಲಕ್‌ಪೇಟೆಯ ರೇಸ್ ಕೋರ್ಸ್ ನಿಮಗೆ ಹತ್ತಿರ, ಮಳೆಗಾಲದಲ್ಲಿ ಅಲ್ಲಿ ಓಟದ ಋತುವೂ ಇರುತ್ತದೆ. ಲಾಯಗಳಲ್ಲಿ ನಡೆಯುವ ಮಾತು ನಮ್ಮ ಭಾಗದ ದಖನಿ ಉರ್ದುವಿಗೆ ದೂರದ್ದಲ್ಲ. ಆದರೆ ಜಾಕಿಯಾಗುವ ಆಸೆಯನ್ನು ಬಿಡಿ. ಜಾಕಿಯ ಮೈತೂಕ 50 ಕಿಲೋ ಆಸುಪಾಸಿನಲ್ಲಿ ಇರಬೇಕು, ತರಬೇತಿ ಹದಿಹರೆಯದಲ್ಲಿಯೇ ಶುರುವಾಗಿರಬೇಕು. 22ರ ವಯಸ್ಸಿನಲ್ಲಿ ಅದರ ಹಿಂದೆ ಬಿದ್ದು ಹೊಟ್ಟೆ ಕಟ್ಟಿಕೊಂಡು ಆರೋಗ್ಯ ಕೆಡಿಸಿಕೊಳ್ಳುವುದು ಬೇಡ. ಸಾಯಿಸನಾಗಿ, ಅಂದರೆ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಆಳಾಗಿ ಸೇರಿ. ಬೆಳಗಿನ ಜಾವ ಎದ್ದು ಲಾಯ ಗುಡಿಸುವುದು, ಮೈ ಉಜ್ಜುವುದು, ವ್ಯಾಯಾಮ ಮುಗಿಸಿ ಬಂದ ಕುದುರೆಯನ್ನು ಬೆವರು ಆರುವವರೆಗೆ ನಡೆಸಿ ತಣಿಸುವುದು, ಕಾಲಿಗೆ ಪಟ್ಟಿ ಸುತ್ತುವುದು ಇವನ್ನೆಲ್ಲ ಶಿಸ್ತಾಗಿ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನಮಗೆ ಹತ್ತಿರದಲ್ಲಿಲ್ಲ. ಅಲ್ಲಿಯ ನಾಲಬಂದರ ಕೆಲಸವನ್ನೂ ನೋಡಲು ಸಿಗುತ್ತದೆ.

ಇನ್ನು ಮದುವೆಯ ಕೆಲಸ. ಅದನ್ನು ಬಿಡಬೇಡಿ, ಆದರೆ ಮಾಡುವ ರೀತಿಯನ್ನು ಬದಲಿಸಿ. ಹೊರೆ ಹೊರುವ ಮತ್ತು ಗಾಡಿ ಎಳೆಯುವ ಪ್ರಾಣಿಗಳಿಗಾಗಿ 1965ರಲ್ಲಿ ಮಾಡಿದ ಕೇಂದ್ರ ನಿಯಮಗಳ ಪ್ರಕಾರ ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವಿಲ್ಲದೆ 5 ಗಂಟೆ ಮೀರುವಂತಿಲ್ಲ, ಮತ್ತು ಉಷ್ಣಾಂಶ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುವುದು ವಾಡಿಕೆ, ಮದುವೆಗಳು ನೆರೆಯುವುದೂ ಆಗಲೇ. ಮೆರವಣಿಗೆಯ ಕುದುರೆಗೂ ಇದೇ ಅಳತೆಯನ್ನು ಇಟ್ಟುಕೊಂಡು, ಮುಂಜಾನೆ ಅಥವಾ ಹೊತ್ತು ಇಳಿದ ಮೇಲೆ ಮಾತ್ರ ಕುದುರೆ ಬರುತ್ತದೆ ಎಂದು ಮುಂಗಡ ಪಡೆಯುವಾಗಲೇ ಖಂಡಿತವಾಗಿ ಹೇಳಿ. ಡಿಜೆ ಪೆಟ್ಟಿಗೆಗಳ ಪಕ್ಕದಲ್ಲಿ ನಿಲ್ಲಿಸುವುದಿಲ್ಲ, ಹತ್ತಿರ ಪಟಾಕಿ ಹಚ್ಚಿದರೆ ಕುದುರೆಯನ್ನು ವಾಪಸು ಕರೆದೊಯ್ಯುತ್ತೇನೆ ಎಂದೂ ಹೇಳಿ. ಎರಡು ಗಿರಾಕಿ ಹೋದಾರು, ಹೋಗಲಿ. ಬೆದರಿದ ಕುದುರೆ ಮದುಮಗನನ್ನು ಬೀಳಿಸಿದ ಸುದ್ದಿ ಹಬ್ಬಿದರೆ ಇಡೀ ಸೀಸನ್ನೇ ಹೋಗುತ್ತದೆ. ಕುಣಿಯುವ ಕುದುರೆಗೆ ಈಗ ಬೇಡಿಕೆ ಇದೆಯೆಂದು ಕಾಲಿಗೆ ಕೋಲು ತಾಕಿಸಿ ಕುಣಿತ ಕಲಿಸುವವರ ದಾರಿಗೆ ಮಾತ್ರ ಹೋಗಬೇಡಿ. ನೋವಿಗೆ ಹೆದರಿ ಕಾಲೆತ್ತುವ ಪ್ರಾಣಿಯ ಮೇಲೆ ಮನುಷ್ಯನನ್ನು ಕೂರಿಸುವುದು ಅಪಾಯ, ಅದು ಅನ್ಯಾಯವೂ ಹೌದು.

ಮಕ್ಕಳಿಗೆ ಸವಾರಿ ಕಲಿಸುವ ಕೆಲಸ ಕಲಬುರಗಿಯಂಥ ಊರಿನಲ್ಲಿ ನಿಧಾನವಾಗಿ ಬೆಳೆಯಬಹುದು. ಸೌಮ್ಯ ಸ್ವಭಾವದ ಒಂದು ಕುದುರೆ, ಬೇಲಿ ಹಾಕಿದ ಮೆತ್ತನೆಯ ನೆಲ, ಅಳತೆಗೆ ಸರಿಯಾದ ಹೆಲ್ಮೆಟ್ ಇದ್ದರೆ ಆರಂಭಕ್ಕೆ ಸಾಕು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇ. 20 ಮೀರಬಾರದು ಎಂಬ ಲೆಕ್ಕವನ್ನು ಇಟ್ಟುಕೊಳ್ಳಿ. 300 ಕಿಲೋ ತೂಗುವ ನಮ್ಮ ಕಡೆಯ ಕುದುರೆಗೆ 60 ಕಿಲೋ ಎಂದರೆ ಮಿತಿ ಮುಟ್ಟಿತು.

ತಳಿ ಬೆಳೆಸುವ ಮಾತನ್ನು ನೀವು ಕೇಳಿಲ್ಲ, ಆದರೂ ಹೇಳಬೇಕೆನಿಸುತ್ತದೆ. ಭೀಮಾ ನದಿಯ ಕೊಳ್ಳದಲ್ಲಿ ಹುಟ್ಟಿ ಬೆಳೆದ ಭೀಮಥಡಿ ಕುದುರೆಗೆ ಈಗ ಪ್ರತ್ಯೇಕ ತಳಿಯೆಂಬ ಮಾನ್ಯತೆ ಸಿಕ್ಕಿದೆ. ಮಹಾರಾಷ್ಟ್ರದ ಧನಗರ ಕುರಿಗಾರರು ಇದನ್ನು ಉಳಿಸಿಕೊಂಡು ಬಂದವರು. ಆಳಲ್ಲಿ ಚಿಕ್ಕದು, ಬಿಸಿಲಿಗೂ ಬರಕ್ಕೂ ಜಗ್ಗದ್ದು. ಅದೇ ಭೀಮೆ ನಿಮ್ಮ ತಾಲ್ಲೂಕಿನ ಪಕ್ಕದಲ್ಲಿ ಹರಿಯುತ್ತಿರುವಾಗ, ದುಬಾರಿ ಬೆಲೆಯ ಎತ್ತರದ ಮಾರವಾಡಿ ಕುದುರೆಗಿಂತ ಇದನ್ನು ಸಾಕುವುದು ನಿಮಗೆ ಹೊಂದುತ್ತದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಸಂಪುಟವು ರಾಷ್ಟ್ರೀಯ ಜಾನುವಾರು ಮಿಷನ್ನಿಗೆ ತಿದ್ದುಪಡಿ ತಂದು, ಕುದುರೆ, ಕತ್ತೆ, ಹೇಸರಗತ್ತೆ ಮತ್ತು ಒಂಟೆ ಸಾಕಣೆಯ ಉದ್ಯಮಗಳಿಗೂ ಬಂಡವಾಳದ ಶೇ. 50ರಷ್ಟು, ಗರಿಷ್ಠ 50 ಲಕ್ಷ ರೂಪಾಯಿವರೆಗೆ ಸಹಾಯಧನ ಕೊಡಲು ಒಪ್ಪಿದೆ. ವಿಚಾರಿಸಲು ಪಶುಪಾಲನಾ ಇಲಾಖೆಯ ಕಚೇರಿಗೆ ಹೋಗಿ, ಆದರೆ ಕಸುಬು ಕೈಗೆ ಹತ್ತುವ ಮುನ್ನ ಸಾಲಕ್ಕೆ ಸಹಿ ಮಾಡಬೇಡಿ. ಕುದುರೆ 11 ತಿಂಗಳು ಗಬ್ಬ ಹೊರುತ್ತದೆ, ಹುಟ್ಟಿದ ಮರಿ ಸವಾರಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಅಷ್ಟು ಕಾಲ ಮೇವು, ಔಷಧಿ ಎಲ್ಲವೂ ನಿಮ್ಮ ಬೇರೆ ದುಡಿಮೆಯಿಂದಲೇ ಬರಬೇಕು.

ಪ್ರಶ್ನೆ: ನಾನು ಪಿಯುಸಿ ಎರಡನೆಯ ವರ್ಷದ ವಿಜ್ಞಾನ ವಿದ್ಯಾರ್ಥಿನಿ. ಕುದುರೆಗಳ ಡಾಕ್ಟರ್ ಮಾತ್ರ ಆಗಬೇಕೆಂಬ ಆಸೆ. ಬೀದರಿನಲ್ಲಿ ಓದಿದರೆ ಆಗುತ್ತದೆಯೇ?
— ವಿದ್ಯಾರ್ಥಿನಿ, ಹುಮನಾಬಾದ

ಉತ್ತರ: ಮಗಳೇ, ಓದಲು ಬೀದರ ಸರಿಯಾದ ಜಾಗವೇ. ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನವೇ ಬೀದರಿನ ನಂದಿನಗರದಲ್ಲಿದೆ. ಪದವಿಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಸಿಇಟಿಗೆ ಜೀವಶಾಸ್ತ್ರ ಗಟ್ಟಿ ಮಾಡಿಕೊಳ್ಳಿ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.

ಕುದುರೆಗಳ ಡಾಕ್ಟರ್ ಮಾತ್ರ ಎಂಬ ಹಟವನ್ನು ಸ್ವಲ್ಪ ಸಡಿಲಿಸಿ. ಪದವಿಯಲ್ಲಿ ಎಲ್ಲ ಪ್ರಾಣಿಗಳನ್ನೂ ಓದಬೇಕು, ಮತ್ತು ಈ ಭಾಗದಲ್ಲಿ ವೃತ್ತಿ ಮಾಡಿದರೆ ನಿಮ್ಮ ಬಾಗಿಲಿಗೆ ಬರುವುದು ಹೆಚ್ಚಾಗಿ ಎಮ್ಮೆ, ಆಕಳು, ಆಡು. ಕುದುರೆಯೇ ಮುಖ್ಯವಾದ ಹುದ್ದೆಗಳು ಬೇರೆ ಕಡೆ ಇವೆ. ರೇಸ್ ಕೋರ್ಸುಗಳಿಗೂ ಕುದುರೆ ತಳಿ ಬೆಳೆಸುವ ಸ್ಟಡ್ ಫಾರ್ಮುಗಳಿಗೂ ವೈದ್ಯರು ಬೇಕು. ಸೇನೆಯ ರಿಮೌಂಟ್ ವೆಟರಿನರಿ ಕೋರ್ ಪಶುವೈದ್ಯ ಪದವೀಧರರನ್ನು ಅಲ್ಪಾವಧಿ ಕಮಿಷನ್ ಮೇಲೆ ಅಧಿಕಾರಿಗಳನ್ನಾಗಿ ತೆಗೆದುಕೊಳ್ಳುತ್ತದೆ, ಅದರ ತರಬೇತಿ ಕೇಂದ್ರ ಮೀರತ್‌ನಲ್ಲಿದೆ. ಸಂಶೋಧನೆಯ ಒಲವಿದ್ದರೆ ಹರಿಯಾಣದ ಹಿಸಾರ್‌ನಲ್ಲಿ 1985ರಲ್ಲಿ ಆರಂಭವಾದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ. ಬೀದರಿನಲ್ಲಿಯೇ ನೆಲೆಸುವ ಮನಸ್ಸಿದ್ದರೆ ದನಕರುಗಳ ವೈದ್ಯೆಯಾಗಿ ಹೊಟ್ಟೆಪಾಡು ನೋಡಿಕೊಂಡು, ಊರೂರಿನ ಕುದುರೆ ಸಾಕುವವರಿಗೆ ನಂಬಿಕೆಯ ವೈದ್ಯೆಯಾಗಬಹುದು, ಮತ್ತು ಅಂಥವರ ಕೊರತೆ ಬಹಳವಿದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆನೋವು ಬಂದು ನೆಲ ಕೆರೆಯುತ್ತ, ಪಕ್ಕೆ ತಿರುಗಿ ನೋಡುತ್ತ, ಹೊರಳಾಡುತ್ತಿರುವಾಗ ದನದ ಲೆಕ್ಕದಲ್ಲಿ ಎಣ್ಣೆ ಕುಡಿಸಿ ಬೆಳಗಿನವರೆಗೆ ಕಾಯುವ ಮನೆಗಳು ಇನ್ನೂ ಇವೆ. ಎಣ್ಣೆ ಶ್ವಾಸಕೋಶಕ್ಕೆ ಇಳಿದು ಸಾಯುವ ಕುದುರೆಗಳೂ ಇವೆ. ಕೋಳಿ ಮತ್ತು ದನದ ಕೆಲವು ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಗೆ ವಿಷವೆಂಬುದೂ ಬಹಳ ಮಂದಿಗೆ ತಿಳಿಯದು. ಈ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸುವ ವೈದ್ಯೆಯೊಬ್ಬರು ಹುಮನಾಬಾದಿನಿಂದ ಬಂದರೆ ಅದಕ್ಕಿಂತ ಸಂತೋಷ ನನಗೆ ಬೇರೆ ಇಲ್ಲ.

ಪ್ರಶ್ನೆ: ದುಡಿಮೆಗೆಂದು ಮೊದಲ ಕುದುರೆ ಕೊಳ್ಳಲು ಮಾಳೇಗಾಂವ ಜಾತ್ರೆಗೆ ಹೊರಟಿದ್ದೇನೆ. ಏನೇನು ನೋಡಬೇಕು?
— ಓದುಗರು, ಆಳಂದ

ಉತ್ತರ: 15ನೆಯ ಶತಮಾನದಲ್ಲಿ ಬೀದರಿಗೆ ಬಂದು ತನ್ನ ಕುದುರೆ ಮಾರಿದ ರಷ್ಯದ ವ್ಯಾಪಾರಿ ಅಫಾನಾಸಿ ನಿಕಿತಿನ್, ನಿಮ್ಮ ಆಳಂದದ ವಾರ್ಷಿಕ ಸಂತೆಗೆ 20,000 ಕುದುರೆಗಳವರೆಗೆ ಮಾರಾಟಕ್ಕೆ ಬರುತ್ತವೆಂದು ಬರೆದಿದ್ದಾನೆ. ಈಗ ಆಳಂದದವರೇ ಮಹಾರಾಷ್ಟ್ರದ ನಾಂದೇಡ ಜಿಲ್ಲೆಯ ಮಾಳೇಗಾಂವದ ಖಂಡೋಬನ ಜಾತ್ರೆಗೆ ಹೋಗಬೇಕಾಗಿದೆ. ಹೋಗಿ, ಆದರೆ ಮೊದಲ ದಿನವೇ ಕೊಳ್ಳಬೇಡಿ.

ಗಟ್ಟಿ ನೆಲದ ಮೇಲೆ ಲಗಾಮು ಸಡಿಲ ಬಿಟ್ಟು ನಡೆಸಿ, ಓಡಿಸಿ ನೋಡಿ. ಕುಂಟು ಇದ್ದರೆ ತಲೆಯ ಏರಿಳಿತದಲ್ಲಿ ಕಾಣುತ್ತದೆ. ನಾಲ್ಕೂ ಕಾಲು ಎತ್ತಿಸಿ, ಎತ್ತಲು ಬಿಡದ ಕುದುರೆ ಮೊದಲ ಬಾರಿ ಕೊಳ್ಳುವವರಿಗೆ ಬೇಡ. ಬಾಯಿ ತೆರೆಸಿ: 5 ವರ್ಷಕ್ಕೆ ಮುಂದಿನ ಹಾಲುಹಲ್ಲುಗಳೆಲ್ಲ ಬಿದ್ದು ಕಾಯಂ ಹಲ್ಲು ಬಂದಿರುತ್ತವೆ, ಆದ್ದರಿಂದ ಅದಕ್ಕಿಂತ ಎಳೆಯದನ್ನು ದುಡಿಮೆಗೆ ಪೂರ್ತಿ ಬಲಿತದ್ದೆಂದು ಮಾರಿದರೆ ನಂಬಬೇಡಿ. ಮೈಮೇಲಿನ ಕೂದಲಿನ ಸುಳಿ ನೋಡಿ ಬೆಲೆ ಏರಿಸುವ ಇಳಿಸುವ ಮಾತು ಅಲ್ಲಿ ಬಹಳ ನಡೆಯುತ್ತದೆ. ಸುಳಿಯಿಂದ ಕುದುರೆಯ ಕಾಲಾಗಲಿ ಉಸಿರಾಗಲಿ ಕೆಡುವುದಿಲ್ಲ, ಕೆಟ್ಟ ಸುಳಿಯೆಂದು ಅಗ್ಗಕ್ಕೆ ಸಿಗುವ ಒಳ್ಳೆಯ ಕುದುರೆಯನ್ನು ಧಾರಾಳವಾಗಿ ತೆಗೆದುಕೊಳ್ಳಿ.

ಮೂಗಿನಿಂದ ಅಂಟಂಟಾದ ಸಿಂಬಳ ಸುರಿಯುತ್ತಿದ್ದರೆ, ಚರ್ಮದ ಮೇಲೆ ಗಂಟುಗಳೆದ್ದು ಒಡೆದಿದ್ದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ. ಇವು ಗ್ಲಾಂಡರ್ಸ್ ಎಂಬ ರೋಗದ ಲಕ್ಷಣಗಳಾಗಿರಬಹುದು. ಆ ರೋಗಕ್ಕೆ ಲಸಿಕೆಯಿಲ್ಲ, ಅದು ಮನುಷ್ಯರಿಗೂ ಹರಡುತ್ತದೆ, ಪರೀಕ್ಷೆಯಲ್ಲಿ ಖಚಿತವಾದರೆ ಕಾನೂನಿನ ಪ್ರಕಾರ ಕುದುರೆಯನ್ನು ಕೊಲ್ಲಬೇಕಾಗುತ್ತದೆ. ಕೊಂಡು ತಂದ ಕುದುರೆ ನೋಡಲು ಆರೋಗ್ಯವಾಗಿದ್ದರೂ ಎರಡು ಮೂರು ವಾರ ಬೇರೆ ಕುದುರೆಗಳಿಂದ ದೂರ ಕಟ್ಟಿ, ಅದರ ಬಕೆಟ್, ಕಡಿವಾಣ, ಮೈ ಉಜ್ಜುವ ಬ್ರಷ್ ಎಲ್ಲವನ್ನೂ ಬೇರೆಯಾಗಿಯೇ ಇಡಿ. ಆ ಅವಧಿಯಲ್ಲಿಯೇ ಪಶುವೈದ್ಯರನ್ನು ಕರೆಸಿ ರಕ್ತ ಪರೀಕ್ಷೆಗೆ ಕಳಿಸಿ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ.