ದವಡೆಗೆ ಕಾಲಿನ ಮೂಳೆ: ಪ್ರಿಂಟ್ ಆಗುವುದೇನು?

ಪ್ರಶ್ನೆ: ನಮ್ಮಣ್ಣನಿಗೆ 46 ವರ್ಷ, ಕೆಳದವಡೆಯಲ್ಲಿ ಕ್ಯಾನ್ಸರ್. ದವಡೆಯ ಎಡಭಾಗ ತೆಗೆದು ಕಾಲಿನ ಮೂಳೆ ಜೋಡಿಸಬೇಕು, ಅದಕ್ಕೆ ಕಂಪ್ಯೂಟರ್ ಪ್ಲಾನಿಂಗ್, ತ್ರೀಡಿ ಪ್ರಿಂಟಿಂಗ್ ಎಂದಿದ್ದಾರೆ ಡಾಕ್ಟರು. ಪ್ರಿಂಟ್ ಮಾಡಿದ ದವಡೆಯನ್ನೇ ಕೂರಿಸಬಾರದೇ? ಸಿಟಿ ಸ್ಕ್ಯಾನ್ ಮತ್ತೆ ಯಾಕೆ?
– ಓದುಗರು, ದಾವಣಗೆರೆ

ಉತ್ತರ: ಪ್ರಿಂಟ್ ಆಗಿ ಬರುವ ಪ್ಲಾಸ್ಟಿಕ್ ದವಡೆ ದೇಹದೊಳಗೆ ಹೋಗುವುದಿಲ್ಲ. ಅದು ಅಳತೆಗಿರುವ ಮಾದರಿ. ಟೈಟಾನಿಯಂ ಪ್ಲೇಟನ್ನು ಅದರ ಮೇಲಿಟ್ಟು ಆಪರೇಷನ್‌ಗೆ ಮೊದಲೇ ಬಗ್ಗಿಸಿಕೊಳ್ಳುತ್ತಾರೆ. ಇದಕ್ಕಿಂತ ಮುಖ್ಯವಾದವು ಹೀಗೇ ಪ್ರಿಂಟ್ ಆಗುವ, ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಅಚ್ಚುಗಳು, ಅಂದರೆ ಗೈಡ್‌ಗಳು, ದವಡೆಗೊಂದು, ಕಾಲಿಗೊಂದು. ಗೈಡನ್ನು ಮೂಳೆಗೆ ಸ್ಕ್ರೂನಿಂದ ಬಿಗಿದರೆ ಗರಗಸ ಅದರ ಸೀಳಿನಲ್ಲಷ್ಟೇ ಓಡುತ್ತದೆ. ನೆಟ್ಟಗಿರುವ ಮೂಳೆ ದವಡೆಯ ಹಾಗೆ ಬಾಗಬೇಕೆಂದರೆ ಅದನ್ನು ಎರಡು ಮೂರು ತುಂಡು ಮಾಡಲೇಬೇಕು. ಕೋನ ತಪ್ಪಿದರೆ ಸಂದು ಉಳಿದು ಮೂಳೆ ಕೂಡುವುದು ತಡವಾಗುತ್ತದೆ, ಹಲ್ಲು ಹಲ್ಲಿಗೆ ಕೂರುವುದಿಲ್ಲ. ತುಂಡು 2 ಸೆಂ.ಮೀ.ಗಿಂತ ಚಿಕ್ಕದಾದರೆ ಅದಕ್ಕೆ ರಕ್ತ ಸಾಲದೆ ಹೋಗಬಹುದು.

ಬರೀ ಲೋಹ ಕೂರಿಸಿದರೆ, ಅದರಲ್ಲೂ ಮುಂದೆ ರೇಡಿಯೇಷನ್ ಕೊಡುವುದಿದ್ದರೆ, ಚರ್ಮ ಹರಿದು ಪ್ಲೇಟ್ ಹೊರಬರುವ ಭಯವಿದೆ. ಕಾಲಿನ ಮೂಳೆಯನ್ನು ಅದರ ರಕ್ತನಾಳದ ಸಮೇತ ತಂದು, ಆ ನಾಳವನ್ನು ಕುತ್ತಿಗೆಯ ನಾಳಕ್ಕೆ ಹೊಲಿಯುವುದರಿಂದ ಮೂಳೆ ಜೀವಂತ ಉಳಿಯುತ್ತದೆ. ಕಾಲಿನ ಬಗ್ಗೆ ಹೆದರಬೇಡಿ. ತೆಗೆಯುವುದು ಹೊರಬದಿಯ ತೆಳು ಮೂಳೆ ಫಿಬುಲಾ. ಮೈಭಾರ ಹೊರುವುದು ಹೆಚ್ಚಾಗಿ ಅದರ ಪಕ್ಕದ ದಪ್ಪ ಮೂಳೆ ಟಿಬಿಯಾ. ಪಾದದ ಕೀಲು ಸಡಿಲವಾಗದಂತೆ ಕೆಳಗೆ 6ರಿಂದ 8 ಸೆಂ.ಮೀ. ಬಿಟ್ಟೇ ಕತ್ತರಿಸುತ್ತಾರೆ.

ರೋಗಪತ್ತೆಯ ಸಿಟಿಯಲ್ಲಿ ಪದರಗಳು ಹಲವು ಬಾರಿ 3ರಿಂದ 5 ಮಿ.ಮೀ. ದಪ್ಪ ಇರುತ್ತವೆ. ಗೈಡ್ ಕಚ್ಚಿ ಕೂರಬೇಕಾದರೆ 1 ಮಿ.ಮೀ. ಅಥವಾ ಅದಕ್ಕೂ ತೆಳು ಪದರ ಬೇಕು. ಮೊದಲು ಸ್ಕ್ಯಾನ್ ಸೆಂಟರ್‌ನಲ್ಲಿ ತೆಳುಪದರದ ಡೈಕಾಮ್ ಫೈಲ್ (ಸ್ಕ್ಯಾನ್‌ನ ಮೂಲ ಕಂಪ್ಯೂಟರ್ ಫೈಲ್) ಉಳಿದಿದೆಯೇ ಕೇಳಿ, ಇದ್ದರೆ ಮುಖದ ಸ್ಕ್ಯಾನ್ ತಪ್ಪಬಹುದು. ಫಿಲ್ಮ್ ಒಯ್ದರೆ ಪ್ರಯೋಜನವಿಲ್ಲ. ಕಾಲಿನ ಆಂಜಿಯೋಗ್ರಾಮ್ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಮಾತ್ರ ಬೇಡವೆನ್ನಬೇಡಿ: ಕೆಲವರಲ್ಲಿ ಪಾದಕ್ಕೆ ರಕ್ತ ಒಯ್ಯುವುದೇ ಫಿಬುಲಾ ಪಕ್ಕದ ನಾಳ, ಅಂಥ ಕಾಲಿನಿಂದ ಮೂಳೆ ತೆಗೆದರೆ ಪಾದಕ್ಕೇ ಅಪಾಯ.

ಗೈಡ್ ಯಾವ ವಸ್ತುವಿನದು ಎಂಬುದನ್ನೂ ವಿಚಾರಿಸಿ. ಅಗ್ಗದ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಶುದ್ಧ ಮಾಡುವ ಆಟೋಕ್ಲೇವ್‌ನ ಶಾಖ 121 ಡಿಗ್ರಿ. ಸೊಟ್ಟಗಾದ ಗೈಡ್ ಸೊಟ್ಟಗೇ ಕತ್ತರಿಸುತ್ತದೆ.

ಪ್ರಿಂಟ್ ಬರಲಿ ಎಂದು ವಾರಗಟ್ಟಲೆ ಕಾಯಬೇಡಿ. ಅಷ್ಟರಲ್ಲಿ ಗಡ್ಡೆ ಬೆಳೆದರೆ ಕತ್ತರಿಸುವ ಗೆರೆಯೇ ಬದಲಾಗಿ ಗೈಡ್ ಕೆಲಸಕ್ಕೆ ಬರುವುದಿಲ್ಲ. ತಡವಾಗುವುದಾದರೆ ಗೈಡ್ ಇಲ್ಲದೆಯೇ ಮಾಡಿ ಎನ್ನಿ. ಫಿಬುಲಾದಿಂದ ದವಡೆ ಕಟ್ಟುವ ಈ ವಿಧಾನ 1989ರಲ್ಲೇ, ಗೈಡ್ ಪ್ರಿಂಟ್ ಮಾಡುವ ಪದ್ಧತಿ ಬರುವ ಮೊದಲೇ, ವರದಿಯಾಗಿತ್ತು.