ಕ್ಯಾಪ್ಟನ್‌ಗೆ ನಿದ್ದೆ ಬಂದ್ರೆ ಹೇಳೋರ್ಯಾರು? – ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಲ ವಿಮಾನವನ್ನ ತಾನೇ ನಡೆಸೋ ಆಟೋಪೈಲಟ್ ಬಗ್ಗೆ ಬರೆದಿದ್ದೆ ನೋಡಿ, ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆ ಯಂತ್ರ ಬಿಟ್ಟು ಅದರ ಮುಂದೆ ಕೂತಿರೋ ಮನುಷ್ಯರ ಬಗ್ಗೆನೇ ಕೇಳಿದಾವೆ. ಒಳ್ಳೇದೇ ಆಯ್ತು. ನಾನು ಫಸ್ಟ್ ಆಫೀಸರ್, ಅಂದ್ರೆ ಕೋ-ಪೈಲಟ್ ಆಗಿ ಶುರು ಮಾಡಿ, ಕೊನೆಗೆ ಸಿಮ್ಯುಲೇಟರ್‌ನಲ್ಲಿ (ನೆಲದ ಮೇಲೇ ಹಾರಾಟ ಅಭ್ಯಾಸ ಮಾಡಿಸೋ ಯಂತ್ರ) ಹಿಂದಿನ ಸೀಟಲ್ಲಿ ಕೂತು ಬೇರೆಯವರ ತಪ್ಪು ಬರ್ಕೊಳ್ಳೋ ಕೆಲಸ ಮಾಡಿ ರಿಟೈರ್ ಆದವನು, ಯಂತ್ರ ಕೆಡೋದಕ್ಕಿಂತ ಮನುಷ್ಯರು ಕೆಡೋದನ್ನೇ ಜಾಸ್ತಿ ನೋಡಿದೀನಿ.

ಪ್ರಶ್ನೆ: ವಿಮಾನದಲ್ಲಿ ಕ್ಯಾಪ್ಟನ್ ಹೇಳಿದ್ದೇ ಕೊನೇ ಮಾತಂತೆ. ಹಾಗಿದ್ರೆ ಪಕ್ಕದ ಕೋ-ಪೈಲಟ್ ಯಾಕೆ? ಅವರಿನ್ನೂ ಕಲೀತಿರ್ತಾರಾ? (ನಿವೃತ್ತ ಮೇಷ್ಟ್ರೊಬ್ಬರು)

ಉತ್ತರ: ಇಲ್ಲ ಸರ್, ಇಬ್ರೂ ಪೂರ್ತಿ ಪೈಲಟ್‌ಗಳೇ. ಒಂದು ಸೆಕ್ಟರ್, ಅಂದ್ರೆ ಒಂದೂರಿಂದ ಇನ್ನೊಂದೂರಿಗೆ ಒಂದು ಹಾರಾಟ, ಇವರು ಹಾರಿಸಿದ್ರೆ ಮುಂದಿನದು ಅವರು. ಹಾರಿಸೋರು ಪೈಲಟ್ ಫ್ಲೈಯಿಂಗ್, ಇನ್ನೊಬ್ರು ಪೈಲಟ್ ಮಾನಿಟರಿಂಗ್, ಅಂದ್ರೆ ರೇಡಿಯೋ, ಚೆಕ್‌ಲಿಸ್ಟ್ ನೋಡ್ಕೊಂಡು, ಹಾರಿಸ್ತಿರೋರು ಏನ್ ಮಾಡ್ತಿದಾರೆ ಅಂತ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ತಿರೋದೇ ಕೆಲಸ. ಮೇಲ್ನೋಟಕ್ಕೆ ಹಾರಿಸೋದೇ ಕಷ್ಟ ಅನ್ಸುತ್ತೆ, ನನ್ನ ಪ್ರಕಾರ ನೋಡೋದೇ ಕಷ್ಟ.

ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 1994ರಲ್ಲಿ, 1978ರಿಂದ 1990ರವರೆಗಿನ 37 ದೊಡ್ಡ ಅಪಘಾತಗಳನ್ನ ಇಟ್ಕೊಂಡು ಒಂದು ಅಧ್ಯಯನ ಮಾಡ್ತು, ಸಿಬ್ಬಂದಿಯ ತಪ್ಪೂ ಸೇರಿದ್ದ ಅಪಘಾತಗಳವು. ಅದರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಸಲ ಹಾರಿಸ್ತಿದ್ದದ್ದು ಕ್ಯಾಪ್ಟನ್. ಅನುಭವ ಇರೋರ ಕೈಯಲ್ಲೇ ಯಾಕೆ ಜಾಸ್ತಿ? ಕ್ಯಾಪ್ಟನ್‌ಗಳು ಕೆಟ್ಟದಾಗಿ ಹಾರಿಸ್ತಾರೆ ಅಂತ ಅರ್ಥ ಅಲ್ಲ. ಚಿಕ್ಕೋರು ತಪ್ಪು ಮಾಡಿದ್ರೆ ದೊಡ್ಡೋರು ಥಟ್ಟಂತ ತಿದ್ದುತಾರೆ, ದೊಡ್ಡೋರು ತಪ್ಪು ಮಾಡಿದ್ರೆ ಚಿಕ್ಕೋರು ನುಂಗ್ಕೊಂಡು ಕೂರ್ತಾರೆ, ಇದೇ ಕಾರಣ ಅಂತ ನಾನು ನಂಬಿದೀನಿ.

1977ರ ಮಾರ್ಚ್ 27, ಸ್ಪೇನ್‌ನ ಟೆನೆರಿಫ್ ದ್ವೀಪ. ಮಂಜು ಕವಿದ ರನ್‌ವೇ, ಅದರ ಮೇಲೆ ಎರಡು ಜಂಬೋ ವಿಮಾನ, ಒಂದು ಕೆಎಲ್‌ಎಂ ಕಂಪನಿದು, ಇನ್ನೊಂದು ಪ್ಯಾನ್ ಆಮ್ ಕಂಪನಿದು. ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ಆ ಕಂಪನಿಯಲ್ಲಿ ಜಂಬೋ ಪೈಲಟ್‌ಗಳಿಗೆ ಪಾಠ ಹೇಳೋ ಮುಖ್ಯಸ್ಥರು. ಇನ್ನೂ ತಡ ಆದ್ರೆ ಡ್ಯೂಟಿ ಅವಧಿ ಮುಗಿದೇ ಹೋಗುತ್ತೆ ಅನ್ನೋ ಆತಂಕ ಬೇರೆ. ಕಂಟ್ರೋಲ್ ಟವರ್‌ನ ಅನುಮತಿ (ಕ್ಲಿಯರೆನ್ಸ್) ಇಲ್ದೇನೇ ಟೇಕಾಫ್ ಶುರು ಮಾಡಿದ್ರು, ಆಗ ಹಿಂದೆ ಕೂತಿದ್ದ ಫ್ಲೈಟ್ ಇಂಜಿನಿಯರ್ ರೇಡಿಯೋ ಮಾತು ಕೇಳಿಸ್ಕೊಂಡು "ಹಾಗಾದ್ರೆ ಆ ಪ್ಯಾನ್ ಆಮ್ ವಿಮಾನ ಇನ್ನೂ ಆಚೆ ಹೋಗಿಲ್ವಾ?" ಅಂತ ಕೇಳ್ತಾರೆ. ಕ್ಯಾಪ್ಟನ್ ಗಟ್ಟಿಯಾಗಿ ಹೋಗಿದೆ ಅಂತಾರೆ. ಅಲ್ಲಿಗೆ ಮಾತು ನಿಂತೋಯ್ತು. ಎರಡೂ ವಿಮಾನ ಡಿಕ್ಕಿ ಹೊಡೆದು 583 ಜನ ಸತ್ರು. ಆ ಪ್ರಶ್ನೆ ಸರಿಯಾಗೇ ಇತ್ತು, ಅದನ್ನ ಇನ್ನೊಂದ್ ಸಲ ಕೇಳೋರು ಇರ್ಲಿಲ್ಲ ಅಷ್ಟೇ.

ಮರುವರ್ಷ ಡಿಸೆಂಬರ್ 28ಕ್ಕೆ ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ರ ಯುನೈಟೆಡ್ ಕಂಪನಿಯ 173ನೇ ನಂಬರ್ ವಿಮಾನ. ಚಕ್ರ ಸರಿಯಾಗಿ ಇಳಿದಿದೆಯೋ ಇಲ್ವೋ ಅನ್ನೋ ಒಂದೇ ತಲೆನೋವಲ್ಲಿ ಕ್ಯಾಪ್ಟನ್ ಸುಮಾರು ಒಂದು ಗಂಟೆ ಸುತ್ತು ಹೊಡೆಸಿದ್ರು, ಪಕ್ಕದೋರಿಗೆ ಇಂಧನ ಕಮ್ಮಿ ಆಗ್ತಿರೋದು ಗೊತ್ತಿತ್ತು, ಆದ್ರೆ ಹೇಳಿದ್ದೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಇಂಜಿನ್‌ಗಳು ಒಂದೊಂದಾಗಿ ಆರಿಹೋಗಿ ವಿಮಾನ ಬಿತ್ತು, 10 ಜನ ಹೋದ್ರು. ಇಂಥವೆಲ್ಲ ಆದ್ಮೇಲೆ 1979ರಲ್ಲಿ ನಾಸಾ ಒಂದು ಕಾರ್ಯಾಗಾರ ಕರೀತು, 1981ರಲ್ಲಿ ಅದೇ ಯುನೈಟೆಡ್ ಕಂಪನಿ ತನ್ನ ಪೈಲಟ್‌ಗಳಿಗೆಲ್ಲ ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳೋದು, ಕೇಳಿಸ್ಕೊಳ್ಳೋದು, ಒಟ್ಟಿಗೆ ಕೆಲಸ ಮಾಡೋದರ ತರಬೇತಿ ಶುರು ಮಾಡ್ತು. ಅದೇ ಇವತ್ತಿನ ಕ್ರ್ಯೂ ರಿಸೋರ್ಸ್ ಮ್ಯಾನೇಜ್‌ಮೆಂಟ್, ನಮ್ಮ ಬಾಯಲ್ಲಿ ಸಿಆರ್‌ಎಂ. ಮೊದಮೊದ್ಲು ಸೀನಿಯರ್‌ಗಳು ಇದನ್ನ ಕೇಳಿ ನಗ್ತಿದ್ರು, ನಾನೂ ನಕ್ಕಿದ್ದೆ.

ಪ್ರಶ್ನೆ: ನಾವೂ ನೈಟ್ ಶಿಫ್ಟ್ ಮಾಡ್ತೀವಿ, ಎರಡು ಕಾಫಿ ಕುಡಿದ್ರೆ ಆಗುತ್ತೆ. ಪೈಲಟ್‌ಗಳ ಸುಸ್ತಿನ ಬಗ್ಗೆ ಮಾತ್ರ ಯಾಕಿಷ್ಟು ಗಲಾಟೆ? (ಫ್ಯಾಕ್ಟರಿ ಸೂಪರ್‌ವೈಸರ್)

ಉತ್ತರ: ಕಾಫಿ ನಿದ್ದೆ ಮುಂದಕ್ಕೆ ಹಾಕುತ್ತೆ, ತೀರಿಸಲ್ಲ. 17 ಗಂಟೆ ಸತತ ಎಚ್ಚರ ಇದ್ದೋರ ಕೈ ಕಣ್ಣು ಎಷ್ಟು ಚುರುಕಾಗಿರುತ್ತೆ ಅಂತ ಆಸ್ಟ್ರೇಲಿಯಾದಲ್ಲಿ ಪರೀಕ್ಷೆ ಮಾಡಿ 1997ರಲ್ಲಿ ಪ್ರಕಟಿಸಿದ್ರು, ರಕ್ತದಲ್ಲಿ ಶೇಕಡಾ 0.05 ಮದ್ಯ ಇರೋರ ಮಟ್ಟಕ್ಕೆ ಬಂದಿತ್ತು. ಬಹಳ ದೇಶಗಳಲ್ಲಿ ಅಷ್ಟಿದ್ರೆ ಕಾರು ಓಡಿಸೋ ಹಾಗಿಲ್ಲ. ಅದರ ಮೇಲೆ ಬೆಳಗಿನ ಜಾವ ಎರಡರಿಂದ ಆರರ ಹೊತ್ತು, ಮೈಯ ಗಡಿಯಾರ ತೀರಾ ಕೆಳಗಿರೋ ಸಮಯ, ಎಷ್ಟೋ ವಿಮಾನಗಳು ದೂರ ಪ್ರಯಾಣ ಮುಗಿಸಿ ಇಳಿಯೋದೂ ಆಗ್ಲೇ.

ಆದ್ರೆ ನಿದ್ದೆ ಬರೋದೊಂದೇ ಸುಸ್ತಲ್ಲ. ಸುಸ್ತಾದೋನಿಗೆ ಒಂದೇ ವಿಷಯ ಕಚ್ಕೊಂಡ್ಬಿಡುತ್ತೆ, ಬೇರೇದು ಕಿವಿಗೇ ಬೀಳಲ್ಲ. 1993ರ ಆಗಸ್ಟ್ 18ರಂದು ಕ್ಯೂಬಾದ ಗ್ವಾಂಟನಾಮೋದಲ್ಲಿ ಒಂದು ಸರಕು ವಿಮಾನ ಇಳೀಬೇಕಿತ್ತು, ಕ್ಯಾಪ್ಟನ್ 23 ಗಂಟೆಗೂ ಹೆಚ್ಚು ಹೊತ್ತಿಂದ ಎಚ್ಚರ. ತಿರುವು ಎಲ್ಲಿ ತಗೋಬೇಕು ಅಂತ ತೋರಿಸೋ ಮಿನುಗು ದೀಪ ಒಂದಿತ್ತು, ಅವತ್ತು ಅದು ಕೆಟ್ಟಿತ್ತು. ಕ್ಯಾಪ್ಟನ್ ಆ ದೀಪ ಎಲ್ಲಿ, ದೀಪ ಎಲ್ಲಿ ಅಂತ ಹುಡುಕ್ತಾನೇ ಇದ್ರು, ಈ ಕಡೆ ಜೊತೆಯವರು ಸ್ಪೀಡ್ ಕಮ್ಮಿ ಆಗ್ತಿದೆ ಅಂತ ಹೇಳ್ತಾನೇ ಇದ್ರು. ವಿಮಾನ ರನ್‌ವೇಗೆ ಮುಂಚೆನೇ ಬಿತ್ತು, ಪುಣ್ಯಕ್ಕೆ ಮೂರೂ ಜನ ಬದುಕಿದ್ರು. ಅಪಘಾತಕ್ಕೆ ಸುಸ್ತೇ ಮುಖ್ಯ ಕಾರಣ ಅಂತ ಎನ್‌ಟಿಎಸ್‌ಬಿ ಮೊದಲ ಸಲ ಬರೆದದ್ದು ಇದರಲ್ಲೇ.

ಇಲ್ಲಿ ಗಮನಿಸಿ, ಹೇಳೋರು ಬಾಯಿ ಬಿಟ್ಟು ಹೇಳಿದ್ರು. ಆದ್ರೆ ಅವರೂ ಹೆಚ್ಚುಕಮ್ಮಿ ಅಷ್ಟೇ ಹೊತ್ತಿಂದ ನಿದ್ದೆಗೆಟ್ಟೋರು, ಕಂಟ್ರೋಲ್ ಕಿತ್ಕೊಳ್ಳೋವಷ್ಟು ತ್ರಾಣ ಎಲ್ಲಿಂದ ಬರ್ಬೇಕು. ಸುಸ್ತಾದೋನಿಗೆ ತಾನು ಸುಸ್ತಾಗಿದೀನಿ ಅಂತ ಗೊತ್ತಾಗಲ್ಲ, ಪಕ್ಕದೋನು ಹೇಳ್ಬೇಕು, ಪಕ್ಕದೋನೂ ಸುಸ್ತಾಗಿದ್ರೆ? ನನಗೆ ಈ ಕೆಲಸದಲ್ಲಿ ಭಯ ಆಗ್ತಿದ್ದದ್ದು ಇದೊಂದಕ್ಕೇ.

ಪ್ರಶ್ನೆ: ಪೈಲಟ್‌ಗಳು ಸೀಟಲ್ಲೇ ನಿದ್ದೆ ಮಾಡ್ತಾರಂತೆ, ನಿಜಾನಾ? ಕೇಳಿದ್ಮೇಲೆ ವಿಮಾನ ಹತ್ತೋಕೆ ಭಯ ಆಗ್ತಿದೆ. (ಹೆಸರು ಬೇಡ ಎಂದವರು)

ಉತ್ತರ: ನಿಜ, ಕೆಲವು ದೇಶಗಳಲ್ಲಿ ನಿಯಮ ಮಾಡಿನೇ ಬಿಟ್ಟಿದಾರೆ, ಕಂಟ್ರೋಲ್ಡ್ ರೆಸ್ಟ್ ಅಂತ ಹೆಸರು. ಇನ್ನೊಬ್ರಿಗೆ ಹೇಳಿ, ಕ್ಯಾಬಿನ್ ಸಿಬ್ಬಂದಿಗೂ ತಿಳಿಸಿ, ಸೀಟು ಹಿಂದಕ್ಕೆ ತಳ್ಳಿ, ಸಮಯ ಗೊತ್ತುಮಾಡ್ಕೊಂಡು ಕಣ್ಮುಚ್ಚೋದು. ನಾಸಾದವರು ಉದ್ದನೆ ಹಾರಾಟಗಳಲ್ಲಿ 40 ನಿಮಿಷದ ಅವಕಾಶ ಕೊಟ್ಟು ನೋಡಿದ್ರು, ಸರಾಸರಿ 26 ನಿಮಿಷ ನಿದ್ದೆ ಬಂತು, ಅಷ್ಟರಲ್ಲೇ ಇಳಿಯೋ ಹೊತ್ತಿಗೆ ಎಚ್ಚರಿಕೆ ಎಷ್ಟೋ ಸುಧಾರಿಸಿತ್ತು. ಕದ್ದು ತೂಕಡಿಸೋದಕ್ಕಿಂತ ಹೇಳಿ ಮಲಗೋದು ಸಾವಿರ ಪಾಲು ವಾಸಿ ಅಂತ ನನ್ನ ಲೆಕ್ಕ. ಅಪಾಯ ಇರೋದು ಉದ್ದ ನಿದ್ದೆಯಿಂದ ಎದ್ದ ತಕ್ಷಣ, ಆ ಮಂಪರಲ್ಲಿ ತೀರ್ಮಾನ ತಗೊಳ್ಳೋದ್ರಲ್ಲಿ. 2010ರ ಮೇ 22ರ ಮಂಗಳೂರು ಅಪಘಾತ ನೆನಪಿರುತ್ತೆ ನಿಮಗೆ. ಕ್ಯಾಪ್ಟನ್ ಹಾರಾಟದಲ್ಲಿ ಗಂಟೆಗೂ ಮೀರಿ ನಿದ್ದೆ ಮಾಡಿದ್ರು ಅಂತ ರೆಕಾರ್ಡಿಂಗಿಂದ ಗೊತ್ತಾಯ್ತು, ಇಳಿಯೋವಾಗ ವಿಮಾನ ಬಹಳ ಎತ್ತರದಲ್ಲಿತ್ತು, ಫಸ್ಟ್ ಆಫೀಸರ್ ಗೋ ಅರೌಂಡ್ (ಇಳಿಸೋದು ಬಿಟ್ಟು ಮತ್ತೆ ಮೇಲಕ್ಕೇರಿ) ಅಂತ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ರು, ಆದ್ರೂ ಇಳಿಸಿದ್ರು. 158 ಜನ. ಇದರ ಬಗ್ಗೆ ಜಾಸ್ತಿ ಬರೆಯೋಕೆ ನನಗೆ ಆಗಲ್ಲ.

ಪ್ರಶ್ನೆ: ನಾನು ಪೈಲಟ್ ಟ್ರೇನಿಂಗ್ ಮುಗಿಸಿದೀನಿ. ಇಪ್ಪತ್ತು ವರ್ಷ ಅನುಭವ ಇರೋ ಕ್ಯಾಪ್ಟನ್‌ಗೆ ನೀವು ತಪ್ಪು ಮಾಡ್ತಿದೀರಾ ಅಂತ ಹೇಗೆ ಸರ್ ಹೇಳೋದು? (ವಿದ್ಯಾರ್ಥಿನಿ)

ಉತ್ತರ: ಮೊದಲು ಹೇಗೆ ಹೇಳಬಾರದು ಅಂತ ಹೇಳ್ತೀನಮ್ಮಾ. ಸಿಮ್ಯುಲೇಟರ್ ರಾತ್ರಿಯೆಲ್ಲ ಓಡುತ್ತೆ, ಒಂದ್ ದಿನ ರಾತ್ರಿ ಎರಡು ಗಂಟೆ ಸೆಷನ್. ಕ್ಯಾಪ್ಟನ್ ಇಳಿಸ್ತಿದಾರೆ, ಸ್ಪೀಡ್ ಇರಬೇಕಾದ್ದಕ್ಕಿಂತ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಜಾಸ್ತಿ. ಪಕ್ಕದ ಹುಡುಗ ಒಂದ್ಸಲ ಸ್ಪೀಡ್ ನೋಡ್ದ, ಒಂದ್ಸಲ ಕ್ಯಾಪ್ಟನ್ ಮುಖ ನೋಡ್ದ, ಆಮೇಲೆ "ಸರ್, ಇವತ್ತು ಗಾಳಿ ಸ್ವಲ್ಪ ಜೋರಿದೆ ಅಲ್ವಾ" ಅಂದ. ಕ್ಯಾಪ್ಟನ್ "ಹ್ಞೂಂ" ಅಂದ್ರು. ರನ್‌ವೇ ದಾಟಿ ಹುಲ್ಲಿಗೆ ಹೋದ್ವಿ. ಸ್ಕ್ರೀನ್ ನಿಲ್ಲಿಸಿ ಕೇಳಿದೆ, ನಿನ್ನ ಮನಸ್ಸಲ್ಲಿ ಏನಿತ್ತಪ್ಪಾ? ಗೋ ಅರೌಂಡ್ ಮಾಡ್ಬೇಕು ಅಂತಿತ್ತು ಸರ್ ಅಂದ. ಮತ್ತೆ ಗಾಳಿ ಸುದ್ದಿ ಯಾಕೆ? ಸುಮ್ಮನಾದ. ಕ್ಯಾಪ್ಟನ್ ಪಾಪ ಗಾಬರಿಯಾಗಿ ಅಂದ್ರು, "ನಾನು ನಿಜವಾಗ್ಲೂ ಗಾಳಿ ಬಗ್ಗೆನೇ ಹೇಳ್ತಿದಾನೆ ಅನ್ಕೊಂಡೆ." ಒರಟು ಮನುಷ್ಯ ಅಲ್ಲ ಅವರು, ಹೇಳಿದ್ರೆ ಕೇಳ್ತಿದ್ರು.

ಹಾಗಾಗಿ ಸುತ್ತಿಬಳಸಿ ಬೇಡ. ಮೊದಲು ನಂಬರ್ ಹೇಳಿ, "ಸ್ಪೀಡ್ 20 ಜಾಸ್ತಿ". ನಂಬರ್‌ಗೆ ಯಾರೂ ಮುನಿಸ್ಕೊಳ್ಳಲ್ಲ. ಸರಿಹೋಗ್ಲಿಲ್ವಾ, ಹೆಸರು ಅಥವಾ ಕ್ಯಾಪ್ಟನ್ ಅಂತ ಕರೆದು ಏನು ಮಾಡ್ಬೇಕು ಅಂತ ಹೇಳಿ, "ಕ್ಯಾಪ್ಟನ್, ಗೋ ಅರೌಂಡ್". ಎರಡು ಸಲ ಹೇಳಿದ್ಮೇಲೂ ಉತ್ತರ ಇಲ್ಲ ಅಂದ್ರೆ ಅವರಿಗೆ ಪ್ರಜ್ಞೆ ಇಲ್ಲ ಅಂತ್ಲೇ ತಿಳ್ಕೊಂಡು ಕಂಟ್ರೋಲ್ ತಗೊಳ್ಳೋ ಪದ್ಧತಿ ಬಹಳ ಕಂಪನಿಗಳಲ್ಲಿದೆ. ಗೋ ಅರೌಂಡ್ ಅಂತ ಇಬ್ಬರಲ್ಲಿ ಯಾರು ಅಂದ್ರೂ ಮೇಲಕ್ಕೇರಬೇಕು, ವಾದ ಮಾಡೋದೇನಿದ್ರೂ ಮೇಲೆ ಹೋದ್ಮೇಲೆ. ಆಮೇಲೆ ಕ್ಯಾಪ್ಟನ್‌ಗಳಿಗೂ ಒಂದು ಮಾತು, ಡ್ಯೂಟಿ ಶುರುವಲ್ಲೇ "ನಾನು ಇವತ್ತು ತಪ್ಪು ಮಾಡ್ತೀನಿ, ಕಂಡ್ರೆ ಹೇಳಿ" ಅಂತ ಬಾಯಿಬಿಟ್ಟು ಹೇಳಿ, ಕೋಲೆ ಬಸವನ ಥರ ತಲೆ ಆಡಿಸೋ ಫಸ್ಟ್ ಆಫೀಸರ್‌ನಿಂದ ನಿಮಗೇನೂ ಉಪಯೋಗ ಇಲ್ಲ.

ಪ್ರಶ್ನೆ: ಒಟ್ಟಿಗೆ ಹಾರಿಸಿ ಅಭ್ಯಾಸ ಇರೋ ದಣಿದ ಜೋಡಿ, ಚೆನ್ನಾಗಿ ನಿದ್ದೆ ಮಾಡಿ ಬಂದ ಹೊಸ ಜೋಡಿ, ಯಾರ ವಿಮಾನ ಹತ್ತೋದು ವಾಸಿ? (ಇಂಜಿನಿಯರಿಂಗ್ ಹುಡುಗ)

ಉತ್ತರ: ಭೇಷ್, ಇದನ್ನೇ ನಾಸಾ ಸಂಶೋಧಕರು 1986ರಲ್ಲಿ ಪ್ರಕಟಿಸಿದಾರೆ. ದಿನಗಟ್ಟಲೆ ಹಾರಿಸಿ ಬಂದ ತಂಡಗಳನ್ನೂ, ವಿಶ್ರಾಂತಿ ತಗೊಂಡು ಬಂದ ತಂಡಗಳನ್ನೂ ಸಿಮ್ಯುಲೇಟರಿಗೆ ಹತ್ತಿಸಿದ್ರು. ದಣಿದೋರು ಕೆಟ್ಟದಾಗಿ ಮಾಡ್ತಾರೆ ಅಂತಾನೇ ಎಲ್ಲರ ನಿರೀಕ್ಷೆ, ಆಗಿದ್ದು ಉಲ್ಟಾ. ದಣಿದೋರು ಆಗ ತಾನೇ ಒಟ್ಟಿಗೆ ಹಾರಿಸಿ ಬಂದಿದ್ರಲ್ಲ, ಒಬ್ಬರ ಮಾತಿನ ಧಾಟಿ ಇನ್ನೊಬ್ಬರಿಗೆ ಗೊತ್ತಿತ್ತು, ಮಾತುಕತೆ ಜಾಸ್ತಿ ಇತ್ತು, ತಪ್ಪು ಕಮ್ಮಿ. ಮೇಲೆ ಹೇಳಿದ ಎನ್‌ಟಿಎಸ್‌ಬಿ ಅಧ್ಯಯನದಲ್ಲೂ ಮಾಹಿತಿ ಸಿಕ್ಕಿದ ಅಪಘಾತಗಳಲ್ಲಿ ನೂರಕ್ಕೆ 73 ಆಗಿದ್ದು ಆ ಸಿಬ್ಬಂದಿ ಒಟ್ಟಿಗೆ ಸೇರಿದ ಮೊದಲನೇ ದಿನ. 2009ರಲ್ಲಿ ಇಂಜಿನ್‌ಗಳು ಕೈಕೊಟ್ಟಾಗ ವಿಮಾನವನ್ನ ನ್ಯೂಯಾರ್ಕ್‌ನ ಹಡ್ಸನ್ ನದಿ ಮೇಲೆ ಇಳಿಸಿದ ಆ ಇಬ್ಬರು ಪೈಲಟ್‌ಗಳನ್ನ ನೋಡಿ, ಕೆಲವೇ ದಿನದ ಪರಿಚಯ, ಆದ್ರೂ ನೀರು ಹತ್ರ ಬರ್ತಿರೋವಾಗ ಕ್ಯಾಪ್ಟನ್ ಪಕ್ಕಕ್ಕೆ "ಏನಾದ್ರೂ ಐಡಿಯಾ ಇದೆಯಾ?" ಅಂತ ಕೇಳ್ತಾರೆ. "ಇಲ್ಲ" ಅಂತ ಉತ್ತರ ಬರುತ್ತೆ. ಬರ್ಲಿ ಬಿಡಿ, ಆ ಹೊತ್ತಲ್ಲಿ ಕೇಳಿದ್ರಲ್ಲ. 155 ಜನಾನೂ ಬದುಕಿದ್ರು.

ಹಾಗಂತ ರೋಸ್ಟರ್ (ಯಾರಿಗೆ ಯಾವಾಗ ಡ್ಯೂಟಿ ಅನ್ನೋ ಪಟ್ಟಿ) ಮಾಡೋರು ಇದನ್ನ ಓದಿ, ಒಳ್ಳೆ ಜೋಡಿ ಆದ್ರೆ ನಿದ್ದೆ ಬೇಡ ಅಂದ್ಕೋಬಾರದು. ಆ ದಣಿವಿಗೂ ಗ್ವಾಂಟನಾಮೋ ದಣಿವಿಗೂ ಅಜಗಜಾಂತರ.

ಪ್ರಶ್ನೆ: ನಮ್ಮನೆಯವರು ಪೈಲಟ್. ಡ್ಯೂಟಿ ಲಿಮಿಟ್ ಒಳಗೇ ಇದ್ರೂ ಮನೆಗೆ ಬರೋವಾಗ ಜೀವ ಇರಲ್ಲ. ರೂಲ್ ಸರಿಯಿದ್ರೆ ಸಾಕಾ? (ಗೃಹಿಣಿ)

ಉತ್ತರ: ಸಾಲ್ದು ತಾಯಿ. ಅಮೆರಿಕದಲ್ಲಿ 2014ರಿಂದ ಪ್ರಯಾಣಿಕ ವಿಮಾನದವರಿಗೆ ಡ್ಯೂಟಿಗೆ ಮುಂಚೆ 10 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ನಿದ್ದೆಗೆ ಅವಕಾಶ ಇರ್ಲೇಬೇಕು. ಅವಕಾಶ ಅಂದ್ರೆ ನಿದ್ದೆ ಅಲ್ಲ. ಹಗಲು ಹತ್ತಕ್ಕೆ ಹೋಟೆಲ್ ರೂಮಲ್ಲಿ ಪರದೆ ಎಳ್ಕೊಂಡು ಬಿದ್ಕೊಂಡ್ರೆ, ಆಚೆ ಯಾರೋ ಗೋಡೆ ಕೊರೀತಿದ್ರೆ, ಕಾಗದದ ಮೇಲೆ ಅದೂ ವಿಶ್ರಾಂತಿನೇ. ಮೂರು ದಿನ ಬೆಳಗ್ಗೆ ಡ್ಯೂಟಿ, ನಾಲ್ಕನೇ ದಿನ ರಾತ್ರಿ, ಗಂಟೆ ಲೆಕ್ಕ ಸರಿಯಾಗೇ ಬರುತ್ತೆ, ಮೈ ಲೆಕ್ಕ ಬರಲ್ಲ. ನಾನೇ ಒಂದ್ಸಲ ಇವತ್ತು ಆಗಲ್ಲ ಅಂತ ಫೋನ್ ಮಾಡಿದಾಗ ಆ ಕಡೆಯವರು "ಜ್ವರಾನಾ ಸರ್?" ಅಂದ್ರು, ಅಲ್ಲ ಸುಸ್ತು ಅಂದೆ, "ಜ್ವರ ಅಂತ ಬರ್ಕೊಳ್ಲಾ?" ಅಂದ್ರು. ಬರ್ಕೊಳ್ಳಿ ಅಂದೆ. ಅದು ನನ್ನ ತಪ್ಪು, ಸುಸ್ತು ಅಂತಾನೇ ಬರೆಸಬೇಕಿತ್ತು, ಯಾಕಂದ್ರೆ ಜ್ವರ ಅಂತ ಬರೆದ್ರೆ ಆ ರೋಸ್ಟರ್ ಯಾರೂ ತಿದ್ದಲ್ಲ. ನಿಮ್ಮನೆಯವರಿಗೆ ಇದೊಂದು ಹೇಳಿ.

ಪ್ರಶ್ನೆ: ಕ್ಯಾಬಿನ್ ಸಿಬ್ಬಂದಿ ಈ ಟೀಮಲ್ಲಿ ಬರ್ತಾರಾ?

ಉತ್ತರ: ಬರಲೇಬೇಕು. 1989ರ ಜನವರಿ 8, ಇಂಗ್ಲೆಂಡಿನ ಕೆಗ್‌ವರ್ತ್. ಕೆಟ್ಟಿದ್ದು ಎಡಗಡೆ ಇಂಜಿನ್, ಪೈಲಟ್‌ಗಳು ಆರಿಸಿದ್ದು ಬಲಗಡೆದು. ಬಲಗಡೆ ಇಂಜಿನ್ ಕೆಟ್ಟಿದೆ ಅಂತ ಕ್ಯಾಪ್ಟನ್ ಮೈಕಲ್ಲೂ ಹೇಳಿದ್ರು, ಎಡಗಡೆ ಕಿಡಿ ಹಾರೋದನ್ನ ಕಣ್ಣಾರೆ ಕಂಡ ಪ್ರಯಾಣಿಕರು, ಕ್ಯಾಬಿನ್ ಸಿಬ್ಬಂದಿ ಹಿಂದೆ ಇದ್ರು, ಪೈಲಟ್‌ಗಳಿಗೆ ಗೊತ್ತಿರುತ್ತೆ ಬಿಡು ಅಂತ ಯಾರೂ ಮುಂದಕ್ಕೆ ಹೋಗಿ ಹೇಳ್ಲಿಲ್ಲ. ವಿಮಾನ ಬಿದ್ದು 47 ಜನ ಸತ್ರು.

ಪ್ರಶ್ನೆ: ಇಬ್ಬರು ಪೈಲಟ್‌ಗಳಿಗೂ ಬೇರೆ ಬೇರೆ ಊಟ ಅಂತೆ, ಹೌದಾ?

ಉತ್ತರ: ಬಹಳ ಕಂಪನಿಗಳಲ್ಲಿ ಹೌದು, ಊಟ ಕೆಟ್ಟಿದ್ರೆ ಇಬ್ರೂ ಒಟ್ಟಿಗೆ ಹೊಟ್ಟೆ ಹಿಡ್ಕೊಂಡು ಕೂರಬಾರದಲ್ಲ. ಯಾವ ಊಟ ಯಾರಿಗೆ ಅಂತ ಮೊದಲು ಆರಿಸ್ಕೊಳ್ಳೋರು ಮಾತ್ರ ನಾನು ಕಂಡ ಹಾಗೆ ಇವತ್ತಿಗೂ ಕ್ಯಾಪ್ಟನ್ನೇ, ಸಿಆರ್‌ಎಂ ಇನ್ನೂ ಅಲ್ಲೀವರೆಗೆ ಬಂದಿಲ್ಲ.